ಹಟ್ಟಿಯಲ್ಲಿರುವ ಅಮಾನತ್

ಶಾಲೆಯಿಂದ ಬಂದ ಮಗ ನಿಮ್ಮ ಸೆರಗು ಹಿಡಿದು, "ಉಮ್ಮಾ, ನಮಗೂ ಒಂದು ಮೊಲ ತರೋಣ" ಎಂದು ಹಠ ಮಾಡಿದ್ದು ನಿಮಗೆ ನೆನಪಿರಬಹುದು. ಮೊಲ ಅಲ್ಲದಿದ್ದರೆ ಲವ್ ಬರ್ಡ್ಸ್, ಅದೂ ಅಲ್ಲದಿದ್ದರೆ ಒಂದು ಆಡಿನ ಮರಿ. ಕೊನೆಗೆ ಮನೆಯವರೆಲ್ಲ ಒಪ್ಪುತ್ತಾರೆ. ಮೊದಲ ವಾರ ಮಕ್ಕಳು ಊಟ ಮರೆತು ಅದರ ಸುತ್ತಲೇ ಕುಳಿತಿರುತ್ತಾರೆ. ಎರಡನೆಯ ವಾರ ಸೊಪ್ಪು ತರಲು ಒಬ್ಬನೇ ಹೋಗುತ್ತಾನೆ. ತಿಂಗಳು ಕಳೆಯುವಷ್ಟರಲ್ಲಿ ಅದಕ್ಕೆ ನೀರಿಡುವುದು, ಗೂಡು ತೊಳೆಯುವುದು, ಮಳೆ ಬಂದಾಗ ಒಳಗೆ ಕಟ್ಟುವುದು ಎಲ್ಲವೂ ಒಬ್ಬರ ಪಾಲಿಗೆ ಬಂದಿರುತ್ತದೆ. ಅದು ಯಾರೆಂದು ನಾನು ಹೇಳಬೇಕಾಗಿಲ್ಲ ಸಹೋದರಿ, ಅದು ನೀವೇ.

ಇದು ನಮ್ಮ ಊರಿನ ಮನೆಗಳ ಕಥೆ ಮಾತ್ರವೆಂದು ತಿಳಿಯಬೇಡಿ. ಅಮೇರಿಕ, ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಸಾವಿರಾರು ಕುಟುಂಬಗಳು ಕಳೆದ ಮೂರು ನಾಲ್ಕು ದಶಕಗಳಿಂದ ಅಲ್ಪಾಕ ಎಂಬ ಪ್ರಾಣಿಯನ್ನು ಹವ್ಯಾಸಕ್ಕಾಗಿ ಸಾಕುತ್ತಿವೆ. ಎರಡು ಮೂರು ಎಕರೆ ಹುಲ್ಲುಗಾವಲು, ಒಂದು ಹಟ್ಟಿ, ಐದಾರು ಪ್ರಾಣಿಗಳು. ಗಂಡ ಹೆಂಡತಿ ಇಬ್ಬರೂ ಬೇರೆ ಕಡೆ ದುಡಿಯುತ್ತಾರೆ, ಬೆಳಿಗ್ಗೆ ಸಂಜೆ ಹಟ್ಟಿಯ ಕೆಲಸ ಮಾಡುತ್ತಾರೆ. ಇಂತಹ ಪುಟ್ಟ ತೋಟಗಳಲ್ಲಿ ಸಂತೋಷವೂ ಇದೆ, ದುಃಖವೂ ನಡೆದುಹೋಗಿದೆ. ಎರಡರಲ್ಲೂ ನಮಗೆ ಕಲಿಯಲು ಪಾಠವಿದೆ. ಬನ್ನಿ, ಒಮ್ಮೆ ಅಲ್ಲಿಗೆ ಹೋಗಿ ಬರೋಣ.

ಒಂಟೆಯ ಬಂಧು

ಅಲ್ಪಾಕ ನೋಡಲು ಕುರಿಯಂತಿದೆ. ಆದರೆ ಕತ್ತು ಉದ್ದ, ಕಣ್ಣು ದೊಡ್ಡದು, ಮೇಲ್ದುಟಿ ಸೀಳಿಕೊಂಡಿದೆ. ಈ ಗುರುತುಗಳನ್ನು ನೋಡಿದೊಡನೆ ಅದರ ವಂಶ ಯಾವುದೆಂದು ತಿಳಿಯುತ್ತದೆ. ಅದು ಒಂಟೆಯ ಕುಟುಂಬಕ್ಕೆ ಸೇರಿದೆ, ಡುಬ್ಬ ಮಾತ್ರ ಇಲ್ಲ. ಅದರ ತವರು ದಕ್ಷಿಣ ಅಮೇರಿಕದ ಆಂಡೀಸ್ ಪರ್ವತಗಳು. ನಮ್ಮ ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಇದೆ. ಅಲ್ಪಾಕಗಳು ಮೇಯುವ ಬಯಲುಗಳು 3,500 ಮೀಟರಿನಿಂದ 5,000 ಮೀಟರ್ ಎತ್ತರದಲ್ಲಿವೆ. ಅಲ್ಲಿ ಮರಗಳೇ ಅಪರೂಪ. ಹಗಲು ಸುಡುವ ಬಿಸಿಲು, ರಾತ್ರಿ ನೀರು ಹೆಪ್ಪುಗಟ್ಟುವ ಚಳಿ.

ಆ ಚಳಿಗೆಂದೇ ಸೃಷ್ಟಿಕರ್ತನು ಅದಕ್ಕೆ ದಟ್ಟವಾದ, ರೇಷ್ಮೆಯಷ್ಟು ನುಣುಪಾದ ಉಣ್ಣೆಯನ್ನು ಕೊಟ್ಟಿದ್ದಾನೆ. ಪ್ರಾಣಿಗಳ ಉಣ್ಣೆ, ತುಪ್ಪಳ ಮತ್ತು ಕೂದಲನ್ನು ಮಾನವನಿಗೆ ನೀಡಲಾದ ಅನುಗ್ರಹಗಳ ಸಾಲಿನಲ್ಲಿ ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯವು ಎಣಿಸಿರುವುದು ನಿಮಗೆ ಗೊತ್ತಿದೆ. ಆಂಡೀಸಿನ ಜನರು ಸುಮಾರು ಆರು ಸಾವಿರ ವರ್ಷಗಳ ಹಿಂದೆಯೇ ವಿಕೂನ್ಯ ಎಂಬ ಕಾಡುಪ್ರಾಣಿಯನ್ನು ಪಳಗಿಸಿ ಅಲ್ಪಾಕವನ್ನು ಪಡೆದರು. ಇಂಕಾ ರಾಜರ ಕಾಲದಲ್ಲಿ ಅತ್ಯಂತ ನಯವಾದ ಬಟ್ಟೆಗಳು ರಾಜಮನೆತನಕ್ಕೆ ಮೀಸಲಾಗಿದ್ದವು. 1532ರಲ್ಲಿ ಸ್ಪೇನಿನವರು ದಂಡೆತ್ತಿ ಬಂದ ಮೇಲೆ ಆ ಹಿಂಡುಗಳ ಬಹುಪಾಲು ನಾಶವಾಯಿತು. ಎತ್ತರದ ಬೆಟ್ಟಗಳಿಗೆ ಓಡಿಹೋದ ಬಡ ಕುರುಬರು ಉಳಿದವುಗಳನ್ನು ಕಾಪಾಡಿಕೊಂಡರು. 2012ರ ಗಣತಿಯಲ್ಲಿ ಪೆರು ದೇಶವೊಂದರಲ್ಲೇ 36 ಲಕ್ಷಕ್ಕೂ ಹೆಚ್ಚು ಅಲ್ಪಾಕಗಳಿದ್ದವು.

ಅಲ್ಲಿ ಹಿಂಡು ಮೇಯಿಸುವವರಲ್ಲಿ ಹೆಚ್ಚಿನವರು ಮಹಿಳೆಯರು. ಬೆನ್ನಿಗೆ ಮಗುವನ್ನು ಕಟ್ಟಿಕೊಂಡು, ಕೈಯಲ್ಲಿ ತಕಲಿ ತಿರುಗಿಸುತ್ತಾ ನೂಲು ತೆಗೆಯುತ್ತಲೇ ಅವರು ಪ್ರಾಣಿಗಳ ಹಿಂದೆ ನಡೆಯುತ್ತಾರೆ. ಅತಿಶೀತ ಬಂದ ವರ್ಷಗಳಲ್ಲಿ ಸಾವಿರಾರು ಮರಿಗಳು ಸಾಯುತ್ತವೆ, ಮನೆಯ ಸಂಪತ್ತೆಲ್ಲ ಒಂದೇ ರಾತ್ರಿಯಲ್ಲಿ ಹೋಗುತ್ತದೆ. ಆದ್ದರಿಂದ ಅವರ ಪಾಲಿಗೆ ಅಲ್ಪಾಕವೆಂದರೆ ಅನ್ನ. ಒಂಟೆಯ ಕುಟುಂಬದ ಪ್ರಾಣಿಗಳನ್ನು ನಂಬಿ ಬದುಕುವ ಇಂತಹ ಜನರ ನೆನಪಿಗಾಗಿಯೇ ವಿಶ್ವಸಂಸ್ಥೆಯು 2024ನ್ನು ಆ ಪ್ರಾಣಿಗಳ ಅಂತರರಾಷ್ಟ್ರೀಯ ವರ್ಷವೆಂದು ಸಾರಿತ್ತು.

ನಮ್ಮ ಹಿರಿಯರಿಗೂ ಈ ಹೆಸರು ಪೂರ್ತಿ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ವಕೀಲರು, ಗುಮಾಸ್ತರು ಧರಿಸುತ್ತಿದ್ದ ಕರಿಯ ಅಲ್ಪಾಕ ಕೋಟಿನ ಮಾತನ್ನು ಅವರು ಕೇಳಿರುತ್ತಾರೆ. ಆ ಬಟ್ಟೆಯನ್ನು ಇಂಗ್ಲೆಂಡಿನ ಬ್ರಾಡ್‌ಫರ್ಡ್ ಕಡೆಯ ಮಿಲ್ಲುಗಳಲ್ಲಿ ನೇಯುತ್ತಿದ್ದರು. ಆದರೆ ಪ್ರಾಣಿಯೇ ಸಾಮಾನ್ಯ ಕುಟುಂಬಗಳ ಅಂಗಳಕ್ಕೆ ಬಂದದ್ದು ಬಹಳ ತಡವಾಗಿ. ಅಮೇರಿಕಕ್ಕೆ 1984ರಿಂದ ಅವುಗಳನ್ನು ವ್ಯಾಪಾರಕ್ಕಾಗಿ ತರಿಸಲಾಯಿತು.

ಬೇಲಿಯೊಳಗಿನ ಒಂದು ದಿನ

ಈಗ ನೀವು ಅಮೇರಿಕದ ಒಹಾಯೊ ರಾಜ್ಯದ ಒಂದು ಪುಟ್ಟ ತೋಟದ ಮನೆಯೊಡತಿ ಎಂದು ಭಾವಿಸಿಕೊಳ್ಳಿ. ಆ ದೇಶದಲ್ಲಿ ಅಲ್ಪಾಕ ಸಾಕುವವರು ಬಹಳವಾಗಿರುವ ರಾಜ್ಯಗಳಲ್ಲಿ ಅದೂ ಒಂದು. ಜನವರಿ ತಿಂಗಳು. ನಾವು ಫಜ್ರ್ ನಮಾಝಿಗೆ ಏಳುವಂತಹ ಹೊತ್ತು. ಹೊರಗೆ ಮೊಣಕಾಲೆತ್ತರ ಹಿಮ ಬಿದ್ದಿದೆ. ಮೊದಲ ಕೆಲಸ ನೀರಿನದ್ದು. ರಾತ್ರಿಯಿಟ್ಟ ಬಕೆಟಿನ ನೀರು ಕಲ್ಲಾಗಿದ್ದರೆ ಅದನ್ನು ಒಡೆದು ಬೆಚ್ಚಗಿನ ನೀರು ಹಾಕಬೇಕು. ನೀರು ಕುಡಿಯದ ಪ್ರಾಣಿ ಮೇವನ್ನೂ ಬಿಡುತ್ತದೆ. ಆಮೇಲೆ ಒಣಹುಲ್ಲು. ಅದರಲ್ಲಿ ಬೂಷ್ಟು ಇದೆಯೇ ಎಂದು ಮೂಸಿ ನೋಡಿ ಹಾಕಬೇಕು.

ನಿಮ್ಮನ್ನು ನೋಡಿದೊಡನೆ ಅವು ಮೂಗಿನಿಂದ ಸಣ್ಣಗೆ ಗುಂಯ್ ಎಂದು ಸದ್ದು ಮಾಡುತ್ತವೆ. ತಾಯಿ ಮರಿಯನ್ನು ಕರೆಯುವಾಗ, ಜೊತೆಗಾರ ಕಾಣದಾಗ, ಹೊಸಬರು ಬಂದಾಗ ಈ ರಾಗದಲ್ಲಿ ವ್ಯತ್ಯಾಸವಿರುತ್ತದೆ. ಕೆಲವು ತಿಂಗಳಲ್ಲಿ ಅದು ನಿಮಗೆ ಅರ್ಥವಾಗತೊಡಗುತ್ತದೆ. ಮೇವಿನ ವಿಷಯದಲ್ಲಿ ಜಗಳವಾದರೆ ಒಂದರ ಮುಖಕ್ಕೆ ಇನ್ನೊಂದು ಉಗಿಯುತ್ತದೆ. ಅದು ಬರಿಯ ಉಗುಳಲ್ಲ, ಹೊಟ್ಟೆಯೊಳಗಿನ ಹಸಿರು ರಸ. ನಡುವೆ ನಿಂತವರ ಬಟ್ಟೆಯ ಗತಿ ಹೇಳುವುದು ಬೇಡ!

ಒಂದು ಒಳ್ಳೆಯ ಗುಣವನ್ನು ಹೇಳಲೇಬೇಕು. ಅಲ್ಪಾಕಗಳು ಕಂಡ ಕಂಡಲ್ಲಿ ಸಗಣಿ ಹಾಕುವುದಿಲ್ಲ. ಇಡೀ ಹಿಂಡು ಒಂದು ಜಾಗವನ್ನು ಗೊತ್ತು ಮಾಡಿಕೊಂಡು ಅಲ್ಲಿಗೇ ಹೋಗುತ್ತದೆ. ಹುರುಳಿಕಾಳಿನಂತಹ ಆ ಹಿಕ್ಕೆಯನ್ನು ಕೊಳೆಯಿಸದೆಯೂ ಗಿಡಗಳಿಗೆ ಹಾಕಬಹುದು, ಬೇರು ಸುಡುವುದಿಲ್ಲ. ಕಾಲಿನಲ್ಲಿ ಗಟ್ಟಿ ಗೊರಸಿಲ್ಲ, ಒಂಟೆಯಂತೆಯೇ ಮೆತ್ತನೆಯ ಅಂಗಾಲು ಮತ್ತು ಎರಡು ಉಗುರು. ಆದ್ದರಿಂದ ಹುಲ್ಲುಗಾವಲು ತುಳಿತಕ್ಕೆ ಹಾಳಾಗುವುದು ಕಡಿಮೆ. ಆದರೆ ಆ ಉಗುರುಗಳು ಬೆಳೆಯುತ್ತಲೇ ಇರುತ್ತವೆ, ಕೆಲವು ತಿಂಗಳಿಗೊಮ್ಮೆ ಕತ್ತರಿಸದಿದ್ದರೆ ಕಾಲು ಸೊಟ್ಟಗಾಗುತ್ತದೆ.

ಇಲ್ಲಿಗೆ ಕೆಲಸ ಮುಗಿಯಲಿಲ್ಲ. ಆ ಕಡೆಯ ಕಾಡಿನ ಜಿಂಕೆಗಳಿಂದ ಹರಡುವ ಒಂದು ಹುಳು ಅಲ್ಪಾಕದ ಬೆನ್ನುಹುರಿಗೆ ಸೇರಿ ಅದನ್ನು ನಡೆಯಲಾರದಂತೆ ಮಾಡುತ್ತದೆ. ಅದನ್ನು ತಡೆಯಲು ಅಲ್ಲಿನವರು ಸಾಮಾನ್ಯವಾಗಿ ತಿಂಗಳಿಗೊಮ್ಮೆ ಪ್ರತಿಯೊಂದಕ್ಕೂ ಚುಚ್ಚುಮದ್ದು ಕೊಡುತ್ತಾರೆ. ಬಿಸಿಲು ಕಾಣದ ಚಳಿಗಾಲದಲ್ಲಿ ಮರಿಗಳಿಗೆ ವಿಟಮಿನ್ ಡಿ ಕೊಡದಿದ್ದರೆ ಎಲುಬು ಬಲಿಯುವುದಿಲ್ಲ. ಬೇಸಿಗೆಯ ಸೆಕೆಯಲ್ಲಿ ಅವುಗಳ ಹೊಟ್ಟೆಯ ಅಡಿಗೆ ನೀರು ಹಾಯಿಸಿ, ಫ್ಯಾನ್ ಹಾಕಿ ತಂಪು ಮಾಡಬೇಕು. ಊರಿಗೆ ಹೋಗಬೇಕೆಂದರೆ ಹಟ್ಟಿ ನೋಡಿಕೊಳ್ಳುವವರನ್ನು ಮೊದಲು ಹುಡುಕಬೇಕು. ಮದುವೆಯೇ ಇರಲಿ, ಮರಣವೇ ಇರಲಿ, ಹೊಟ್ಟೆ ಹಸಿದ ಪ್ರಾಣಿಗೆ ಅದು ತಿಳಿಯುವುದಿಲ್ಲ.

ಕೈಗೆ ಮಾತ್ರ ತಿಳಿಯುವ ಮಾತು

ಬೇಟೆಗೆ ಈಡಾಗುವ ಪ್ರಾಣಿಗಳ ಸ್ವಭಾವವೇ ಹಾಗೆ. ಕಾಯಿಲೆ ಬಿದ್ದದ್ದನ್ನು ತೋರಿಸಿಕೊಂಡರೆ ತೋಳ ಅದನ್ನೇ ಆರಿಸುತ್ತದೆ. ಆದ್ದರಿಂದ ಅಲ್ಪಾಕವು ನೋವನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಮೇಲಾಗಿ ಅದರ ದಪ್ಪ ಉಣ್ಣೆ ನಮ್ಮ ಕಣ್ಣಿಗೆ ಮೋಸ ಮಾಡುತ್ತದೆ. ದೂರದಿಂದ ನೋಡಿದರೆ ಗುಂಡು ಗುಂಡಾಗಿ, ಮುದ್ದಾಗಿ ಕಾಣುವ ಪ್ರಾಣಿ ಒಳಗೆ ಎಲುಬಿನ ಗೂಡಾಗಿರಬಹುದು. ಹೊಟ್ಟೆಹುಳುವಿನಿಂದ ರಕ್ತಹೀನವಾಗಿ ನಿಂತಲ್ಲೇ ಬಿದ್ದು ಸತ್ತ ಮೇಲೆ ಮನೆಯವರಿಗೆ ಗೊತ್ತಾಗುವುದುಂಟು.

ಇದಕ್ಕೆ ಅನುಭವಿಗಳು ಹೇಳುವ ಉಪಾಯ ಬಹಳ ಸರಳವಾದುದು. ಆಗಾಗ್ಗೆ ಉಣ್ಣೆಯೊಳಗೆ ಕೈ ತೂರಿಸಿ ಬೆನ್ನುಮೂಳೆಯನ್ನು ಮುಟ್ಟಿ ನೋಡಬೇಕು. ಮೂಳೆಯ ಎರಡೂ ಬದಿಯಲ್ಲಿ ಮಾಂಸ ತುಂಬಿದ್ದರೆ ಸರಿ. ಇಳಿಜಾರು ಕಡಿದಾಗಿ, ಮೂಳೆ ಚೂಪಾಗಿ ಕೈಗೆ ತಾಗಿದರೆ ಏನೋ ಕೆಟ್ಟಿದೆ ಎಂದರ್ಥ. ಕೆಳ ರೆಪ್ಪೆಯನ್ನು ಎಳೆದು ಒಳಗೆ ಕೆಂಪಿದೆಯೋ ಬಿಳಿಚಿದೆಯೋ ನೋಡಬೇಕು. ಅಲ್ಪಾಕದ ಚಿತ್ರ ತೆಗೆದು ಗೆಳೆಯರಿಗೆ ತೋರಿಸುವವರು ಬಹಳ ಮಂದಿ. ಕೈಯಿಟ್ಟು ಬೆನ್ನು ನೋಡುವವರೇ ನಿಜವಾಗಿ ಸಾಕುವವರು.

ಮುದ್ದಿಸುವುದರಲ್ಲೂ ಮಿತಿ ಬೇಕು. ಅಲ್ಪಾಕ ಒಂಟಿಯಾಗಿ ಬದುಕುವ ಪ್ರಾಣಿಯಲ್ಲ, ಕಡಿಮೆಯೆಂದರೂ ಎರಡು ಮೂರು ಒಟ್ಟಿಗಿರಬೇಕು. ಗಂಡು ಮರಿಯೊಂದನ್ನು ಹಿಂಡಿನಿಂದ ಬೇರ್ಪಡಿಸಿ, ಬಾಟಲಿ ಹಾಲು ಕುಡಿಸಿ, ಮನೆಯ ಮಗುವಿನಂತೆ ಆಡಿಸುತ್ತಾ ಬೆಳೆಸಿದರೆ ಅದಕ್ಕೆ ಮನುಷ್ಯನೂ ಅಲ್ಪಾಕವೂ ಒಂದೇ ಆಗಿಬಿಡುತ್ತದೆ. ದೊಡ್ಡದಾದ ಮೇಲೆ ಇನ್ನೊಂದು ಗಂಡಿನೊಡನೆ ಕಾದಾಡುವಂತೆ ಮನೆಯವರ ಮೇಲೆಯೇ ಎರಗುತ್ತದೆ. ಮಕ್ಕಳ ಪ್ರೀತಿಯೇ ಆ ಪ್ರಾಣಿಯನ್ನು ಕೆಡಿಸಿದಂತಾಗುತ್ತದೆ. ಮಕ್ಕಳನ್ನು ಬೆಳೆಸುವ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮರಿ ಮತ್ತು ಉಣ್ಣೆ

ಅಲ್ಪಾಕ ಗಬ್ಬ ಹೊರುವುದು ಸುಮಾರು ಹನ್ನೊಂದೂವರೆ ತಿಂಗಳು. ಹಾಕುವುದು ಒಂದೇ ಮರಿ, ಅವಳಿ ಅತಿ ಅಪರೂಪ. ಹೆರಿಗೆ ಹೆಚ್ಚಾಗಿ ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಆಗುತ್ತದೆ. ಆಂಡೀಸಿನ ಬಯಲಿನಲ್ಲಿ ಒದ್ದೆ ಮರಿಯೊಂದು ರಾತ್ರಿಯ ಚಳಿಯನ್ನು ತಡೆದುಕೊಳ್ಳಲಾರದು. ಹಗಲಿನ ಬಿಸಿಲು ಇರುವಾಗಲೇ ಹುಟ್ಟಿ, ಒಣಗಿ, ಎದ್ದು ನಿಂತು ಹಾಲು ಕುಡಿಯಬೇಕು. ಅಲ್ಲಾಹನು ಎಂತಹ ಏರ್ಪಾಡು ಮಾಡಿದ್ದಾನೆ ನೋಡಿ! ಆರೇಳು ಕಿಲೋ ತೂಗುವ ಆ ಮರಿ ಒಂದೆರಡು ಗಂಟೆಯಲ್ಲಿ ನಾಲ್ಕೂ ಕಾಲ ಮೇಲೆ ನಿಲ್ಲುತ್ತದೆ. ಹಿಂಡಿನ ಇತರ ಹೆಣ್ಣುಗಳು ಒಂದೊಂದಾಗಿ ಬಂದು ಅದನ್ನು ಮೂಸಿ ನೋಡುತ್ತವೆ, ಬಾಣಂತಿಯ ಮನೆಗೆ ನೆರೆಹೊರೆಯವರು ಬಂದ ಹಾಗೆ. ಮೊದಲ ಗಂಟೆಗಳ ಗಿಣ್ಣುಹಾಲು ಹೊಟ್ಟೆಗೆ ಹೋಗದಿದ್ದರೆ ಮರಿ ಉಳಿಯುವುದು ಕಷ್ಟ. ಆ ದಿನ ಮನೆಯಲ್ಲಿ ಯಾರಿಗೂ ಬೇರೆ ಕೆಲಸ ನಡೆಯುವುದಿಲ್ಲ.

ಉಣ್ಣೆ ಕತ್ತರಿಸುವುದು ವರ್ಷಕ್ಕೊಮ್ಮೆ, ಬೇಸಿಗೆ ಶುರುವಾಗುವ ಮುಂಚೆ. ಪ್ರಾಣಿಯನ್ನು ಚಾಪೆಯ ಮೇಲೆ ಮಲಗಿಸಿ, ಕಾಲುಗಳನ್ನು ಹಗ್ಗದಿಂದ ಮೆಲ್ಲಗೆ ಎಳೆದು ಕಟ್ಟುತ್ತಾರೆ. ಮನೆಯೊಡತಿ ಹೆಚ್ಚಾಗಿ ತಲೆಯ ಬಳಿ ಕುಳಿತು ಅದನ್ನು ಸಮಾಧಾನಪಡಿಸುತ್ತಾಳೆ. ನುರಿತವನು ಹತ್ತು ನಿಮಿಷದೊಳಗೆ ಮುಗಿಸುತ್ತಾನೆ. ಉಗುರು ಕತ್ತರಿಸುವುದು, ಬೆಳೆದ ಹಲ್ಲು ಸರಿಪಡಿಸುವುದು ಅದೇ ಹೊತ್ತಿಗೆ ಆಗಿಬಿಡುತ್ತದೆ. ಒಂದು ಪ್ರಾಣಿಯಿಂದ ಸಿಗುವುದು ಎರಡರಿಂದ ನಾಲ್ಕು ಕಿಲೋ. ಬೆನ್ನು ಮತ್ತು ಪಕ್ಕೆಯದ್ದು ಶ್ರೇಷ್ಠ, ಕತ್ತಿನದ್ದು ಎರಡನೆಯದ್ದು, ಕಾಲಿನದ್ದು ಒರಟು. ಕುರಿಯ ಉಣ್ಣೆಯಲ್ಲಿರುವಷ್ಟು ಜಿಡ್ಡು ಇದರಲ್ಲಿಲ್ಲ. ಬಿಳಿ, ಕಂದು, ಬೂದು, ಕಪ್ಪು ಎಂದು ಬಣ್ಣಗಳು ಹುಟ್ಟಿನಿಂದಲೇ ಬಂದಿರುವುದರಿಂದ ಎಷ್ಟೋ ಮಂದಿ ಬಣ್ಣ ಹಾಕದೆಯೇ ನೂಲುತ್ತಾರೆ. ಚಳಿಗಾಲದ ಸಂಜೆಗಳಲ್ಲಿ ಆ ಮಹಿಳೆಯರು ಹೆಣೆದ ಟೊಪ್ಪಿ, ಕಾಲುಚೀಲ, ಶಾಲುಗಳು ಊರಿನ ಸಂತೆಯಲ್ಲಿ ಮಾರಾಟವಾಗುತ್ತವೆ. ಮೇವಿನ ಖರ್ಚಿನ ಒಂದಿಷ್ಟು ಭಾಗ ಅದರಿಂದ ಹುಟ್ಟುತ್ತದೆ. ಆ ಶಾಲಿನ ಎಳೆ ಯಾವ ಪ್ರಾಣಿಯ ಮೈಯದ್ದು ಎಂದು ಹೆಸರು ಹೇಳಿ ಮಾರುವ ತೃಪ್ತಿ ಬೇರೆ.

ಬೆಲೆ ಬಿದ್ದ ದಿನ

ಇಷ್ಟರಲ್ಲೇ ನಿಂತಿದ್ದರೆ ಈ ಲೇಖನ ಬರೆಯುವ ಅಗತ್ಯ ಇರುತ್ತಿರಲಿಲ್ಲ. ಇನ್ನು ಹೇಳುವುದು ದುಃಖದ ಭಾಗ.

1998ರಲ್ಲಿ ಅಮೇರಿಕದ ಅಲ್ಪಾಕ ನೋಂದಣಿ ಪುಸ್ತಕವನ್ನು ಹೊರದೇಶದಿಂದ ಬರುವ ಪ್ರಾಣಿಗಳಿಗೆ ಮುಚ್ಚಲಾಯಿತು. ಒಳಗಿದ್ದವುಗಳ ಬೆಲೆ ಏರತೊಡಗಿತು. ಅಲ್ಪಾಕ ಕೊಂಡರೆ ನೆಮ್ಮದಿಯ ಬದುಕೂ ಸಿಗುತ್ತದೆ, ಹಣವೂ ಬೆಳೆಯುತ್ತದೆ ಎಂದು ಟಿವಿಯಲ್ಲಿ ಜಾಹೀರಾತುಗಳು ಬಂದವು. ಒಂದು ಒಳ್ಳೆಯ ಹೆಣ್ಣು ಪ್ರಾಣಿಗೆ ಹತ್ತಿಪ್ಪತ್ತು ಸಾವಿರ ಡಾಲರ್, ಹೆಸರುವಾಸಿ ಗಂಡಿಗೆ ಲಕ್ಷಗಳ ಲೆಕ್ಕ. ನಿವೃತ್ತರಾದವರು ಉಳಿತಾಯವನ್ನೆಲ್ಲ ಹಾಕಿದರು, ಕೆಲವರು ಬಡ್ಡಿ ಸಾಲ ಮಾಡಿದರು. ಗಬ್ಬದ ತಾಯಿ, ಕಾಲಬಳಿಯ ಮರಿ, ಹೊಟ್ಟೆಯೊಳಗಿನ ಮರಿ ಸೇರಿ ಒಂದೇ ವ್ಯಾಪಾರದಲ್ಲಿ ಮೂರು ಪ್ರಾಣಿಗಳೆಂದು ಲೆಕ್ಕ ಹಾಕಿ ಮಾರಲಾಯಿತು. ಆ ಮರಿ ಮುಂದೆ ಹೆರುವ ಮರಿಗಳ ಲೆಕ್ಕವೂ ಕೊಳ್ಳುವವರ ಮನಸ್ಸಿನಲ್ಲಿತ್ತು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಇಬ್ಬರು ಅರ್ಥಶಾಸ್ತ್ರಜ್ಞರು, ಟೀನಾ ಸೈಟೋನ್ ಮತ್ತು ರಿಚರ್ಡ್ ಸೆಕ್ಸ್‌ಟನ್, ಆಗಲೇ ಎಚ್ಚರಿಸಿದ್ದರು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದ ಸಾರ ಇಷ್ಟು: ಉಣ್ಣೆಯ ಆದಾಯವು ಈ ಬೆಲೆಯನ್ನು ಎಂದಿಗೂ ಹುಟ್ಟಿಸಲಾರದು, ಇದು ಒಬ್ಬ ಸಾಕುವವನು ಇನ್ನೊಬ್ಬ ಸಾಕುವವನಿಗೆ ಮಾರುತ್ತಿರುವವರೆಗೆ ಮಾತ್ರ ನಿಲ್ಲುವ ಗುಳ್ಳೆ. 2008ರ ಆರ್ಥಿಕ ಕುಸಿತದ ನಂತರ ಗುಳ್ಳೆ ಒಡೆಯಿತು. ಸಾವಿರಾರು ಡಾಲರ್ ಕೊಟ್ಟು ತಂದವುಗಳನ್ನು ಕೆಲವು ನೂರಕ್ಕೆ, ಕೊನೆಗೆ ಪುಕ್ಕಟೆಗೆ ಕೊಡಲು ಜನರು ಅಲೆದರು. ಮೇವಿಲ್ಲದೆ, ಉಣ್ಣೆ ಕತ್ತರಿಸುವವರಿಲ್ಲದೆ ಎಷ್ಟೋ ಪ್ರಾಣಿಗಳು ಬೇಲಿಯೊಳಗೇ ಸೊರಗಿದವು. ದಯಾಳುಗಳಾದ ಕೆಲವರು ಅಂತಹವುಗಳನ್ನು ಒಯ್ದು ಸಾಕಿದರು.

ಇಲ್ಲಿ ನನಗೆ ನೆನಪಾಗುವುದು ಹದೀಸ್ ಪಾಠದಲ್ಲಿ ಓದಿದ ಒಂದು ಮಾತು. ಇಸ್ಲಾಮಿನ ಮೊದಲು ಅರಬರಲ್ಲಿ ಒಂದು ಬಗೆಯ ವ್ಯಾಪಾರವಿತ್ತು. ಒಂಟೆಯ ಹೊಟ್ಟೆಯಲ್ಲಿರುವ ಮರಿ ಹುಟ್ಟಿ, ಬೆಳೆದು, ಅದು ಮುಂದೆ ಹೆರುವ ಮರಿಯ ಮೇಲೆ ಮೊದಲೇ ಒಪ್ಪಂದ ಮಾಡಿಕೊಳ್ಳುತ್ತಿದ್ದರು. ಪ್ರವಾದಿ ಮುಹಮ್ಮದ್(ಸ) ಅದನ್ನು ನಿಷೇಧಿಸಿದರು. ಗಬ್ಬದ ಪ್ರಾಣಿಯನ್ನು ಮಾರುವುದು ತಪ್ಪಲ್ಲ. ಹುಟ್ಟದೇ ಇರುವುದನ್ನು, ಹುಟ್ಟುತ್ತದೋ ಇಲ್ಲವೋ ಅಲ್ಲಾಹನಿಗೆ ಮಾತ್ರ ಗೊತ್ತಿರುವುದನ್ನು ಸರಕಾಗಿಸಿ ಮಾರುವುದೇ ತಪ್ಪು. ಹದಿನಾಲ್ಕು ಶತಮಾನಗಳ ಹಿಂದೆ ಒಂಟೆಯ ವಿಷಯದಲ್ಲಿ ಕಲಿಸಿದ ಈ ಪಾಠವು ಒಂಟೆಯ ಬಂಧುವಾದ ಅಲ್ಪಾಕದ ವಿಷಯದಲ್ಲಿ ಎಷ್ಟು ಉಪಯುಕ್ತವಾಗುತ್ತಿತ್ತು!

ಅಮೇರಿಕದವರನ್ನು ನೋಡಿ ನಾವು ನಗುವಂತಿಲ್ಲ. ಕರ್ನಾಟಕ, ಆಂಧ್ರ, ತಮಿಳುನಾಡುಗಳಲ್ಲಿ ಎಮು ಹಕ್ಕಿಯ ಹುಚ್ಚು ಹಬ್ಬಿದ್ದು ನಿಮಗೆ ನೆನಪಿರಬೇಕು. ಹಕ್ಕಿ ಸಾಕಿ, ಎಣ್ಣೆಗೂ ಮಾಂಸಕ್ಕೂ ಭಾರೀ ಬೇಡಿಕೆ ಎಂದು ನಂಬಿಸಿದರು. ಅಲ್ಲೂ ನಡೆದದ್ದು ಮರಿಗಳ ವ್ಯಾಪಾರವೇ. 2012ರಲ್ಲಿ ಎಲ್ಲ ಕುಸಿದು ಬಿತ್ತು. ಹಣ ಕಳಕೊಂಡ ರೈತರ ಗೋಳು ಪತ್ರಿಕೆಗಳಲ್ಲಿ ಬಂತು. ಬೇಲಿಯೊಳಗೆ ಹಸಿವಿನಿಂದ ಸತ್ತ ಹಕ್ಕಿಗಳ ಗೋಳನ್ನು ಹೇಳುವವರು ಯಾರು?

ಒಂಟೆಯ ಕಣ್ಣೀರು

ಹೇಳಿದವರಿದ್ದಾರೆ ಸಹೋದರಿ. ಪ್ರವಾದಿ(ಸ)ರವರು ಒಮ್ಮೆ ಅನ್ಸಾರಿಯೊಬ್ಬರ ತೋಟಕ್ಕೆ ಹೋದಾಗ ಅಲ್ಲಿದ್ದ ಒಂಟೆಯೊಂದು ಅವರನ್ನು ಕಂಡು ನರಳಿತು, ಕಣ್ಣಿನಲ್ಲಿ ನೀರು ಹರಿಯಿತು. ಅವರು ಹತ್ತಿರ ಹೋಗಿ ಅದರ ಕಿವಿಯ ಹಿಂಭಾಗವನ್ನು ಸವರಿದರು, ಅದು ಸುಮ್ಮನಾಯಿತು. ಅದರ ಒಡೆಯನಾರೆಂದು ವಿಚಾರಿಸಿದರು. ಬಂದ ಯುವಕನಿಗೆ, ಅಲ್ಲಾಹನು ನಿನ್ನ ಕೈಗೆ ಕೊಟ್ಟ ಈ ಪ್ರಾಣಿಯ ವಿಷಯದಲ್ಲಿ ನಿನಗೆ ಅವನ ಭಯವಿಲ್ಲವೇ ಎಂದು ಕೇಳಿದರು. ನೀನು ಅದನ್ನು ಉಪವಾಸ ಕೆಡವಿ ದಣಿಸುತ್ತಿದ್ದೀಯೆಂದು ಅದು ನನ್ನಲ್ಲಿ ದೂರಿಕೊಂಡಿದೆ ಎಂದು ತಿಳಿಸಿದರು. ಅಬೂದಾವೂದ್‌ನಲ್ಲಿರುವ ಈ ಘಟನೆಯಲ್ಲಿ ಗಮನಿಸಿ, ಅವರು ಮೊದಲು ಮಾಡಿದ್ದು ಪ್ರಾಣಿಯ ಮೇಲೆ ಕೈಯಿಟ್ಟದ್ದು. ಒಡೆಯನನ್ನು ವಿಚಾರಿಸಿದ್ದು ಆಮೇಲೆ.

ಅಮಾನತ್ ಎಂದರೆ ಇದೇ. ಪ್ರಾಣಿ ನಮ್ಮದೆಂದು ನಾವು ಹೇಳುತ್ತೇವೆ, ಹಣ ಕೊಟ್ಟು ತಂದಿದ್ದೇವೆ ಎನ್ನುತ್ತೇವೆ. ಆದರೆ ಅದರ ಲೆಕ್ಕ ಕೇಳುವ ಒಡೆಯನು ಬೇರೆ ಇದ್ದಾನೆ. ಬೆಲೆ ಬಿದ್ದ ದಿನ ಆ ಲೆಕ್ಕ ಕಡಿಮೆಯಾಗುವುದಿಲ್ಲ. ಅಮೇರಿಕದಲ್ಲಿ ಇಂದಿಗೂ ಅಲ್ಪಾಕ ಸಾಕುತ್ತಿರುವ ಪುಟ್ಟ ಕುಟುಂಬಗಳಿವೆ. ಈಗ ಯಾರೂ ಶ್ರೀಮಂತರಾಗುವ ಕನಸು ಕಂಡು ಅದಕ್ಕೆ ಇಳಿಯುವುದು ಕಡಿಮೆ. ಉಣ್ಣೆ ನೂಲುವುದರಲ್ಲಿ, ಬೆಳಿಗ್ಗೆ ಆ ಗುಂಯ್ ಎಂಬ ಸದ್ದು ಕೇಳುವುದರಲ್ಲಿ ಸಂತೋಷ ಕಂಡವರೇ ಉಳಿದಿದ್ದಾರೆ.

ಆದ್ದರಿಂದ ಮುಂದಿನ ಸಲ ಮಗ ಮೊಲ ಕೇಳಿದಾಗ, ಅಥವಾ ಮನೆಯವರು ಆಡು ಸಾಕಾಣಿಕೆಯ ಲಾಭದ ಲೆಕ್ಕ ಹೇಳಿದಾಗ, ನೀವು ಬೇಡವೆನ್ನಬೇಕಾಗಿಲ್ಲ. ಪ್ರಾಣಿ ಇರುವ ಮನೆಯಲ್ಲಿ ಮಕ್ಕಳಿಗೆ ಕರುಣೆ ಕಲಿಸುವುದು ಸುಲಭ. ನೀವು ನಾಲ್ಕು ಪ್ರಶ್ನೆಗಳನ್ನು ಮಾತ್ರ ಕೇಳಿ. ಇದು ಎಷ್ಟು ವರ್ಷ ಬದುಕುತ್ತದೆ? ಅಲ್ಪಾಕವಾದರೆ ಹದಿನೈದಿಪ್ಪತ್ತು ವರ್ಷ. ಮಗ ಮದುವೆಯಾಗುವವರೆಗೂ ಅದು ಹಟ್ಟಿಯಲ್ಲಿರುತ್ತದೆ! ಇದಕ್ಕೆ ಜೊತೆ ಬೇಕೇ? ಕಾಯಿಲೆ ಬಿದ್ದರೆ ನೋಡುವ ವೈದ್ಯರು ಹತ್ತಿರದಲ್ಲಿದ್ದಾರೆಯೇ? ಕೊನೆಯದಾಗಿ, ನಾನು ಜ್ವರದಿಂದ ಮಲಗಿದ ದಿನ ಇದಕ್ಕೆ ನೀರಿಡುವವರು ಯಾರು? ಈ ಕೊನೆಯ ಪ್ರಶ್ನೆಗೆ ಮನೆಯವರೆಲ್ಲರ ಎದುರಿನಲ್ಲಿ, ಹೆಸರು ಹೇಳಿ ಉತ್ತರ ಸಿಗಬೇಕು. ಉತ್ತರ ಸಿಕ್ಕಿದರೆ ಬಿಸ್ಮಿಲ್ಲಾ ಎಂದು ತನ್ನಿರಿ.

ತಂದ ಮೇಲೆ ಮಗನ ಕೈ ಹಿಡಿದು ಹಟ್ಟಿಗೆ ಕರೆದೊಯ್ಯಿರಿ. ಆ ಪುಟ್ಟ ಕೈಯನ್ನು ಪ್ರಾಣಿಯ ಬೆನ್ನ ಮೇಲಿಟ್ಟು, ಹಸಿವು ಹೇಗಿರುತ್ತದೆಂದು ಬೆರಳಿನಿಂದ ತಿಳಿಯುವುದನ್ನು ಕಲಿಸಿರಿ. ಮಾತು ಬಾರದ ಜೀವದ ಕಷ್ಟವನ್ನು ತಿಳಿಯಲು ಕಲಿತ ಮಗ ನಾಳೆ ಹೆಂಡತಿಯ ಮೌನವನ್ನೂ, ಮುದಿ ತಾಯಿಯ ನರಳಾಟವನ್ನೂ ತಿಳಿದಾನು. ಅಲ್ಲಾಹನು ನಮ್ಮ ಕೈಗೊಪ್ಪಿಸಿದ ಪ್ರತಿಯೊಂದು ಅಮಾನತ್ತನ್ನು ಕಾಪಾಡುವ ಶಕ್ತಿಯನ್ನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ.